ಎದುರಿಗೆ ಹಸಿರಿರುವ ಸೈಟು

ರಾಯಚೂರಿನ ನಮ್ಮ ಮನೆಯ ಕಿಟಕಿ ತೆಗೆದರೆ ಕಾಣುವುದು ಪಕ್ಕದವರ ಗೋಡೆ. ಇಪ್ಪತ್ತು ವರ್ಷದಲ್ಲಿ ಅವರು ಬಳಿಸಿದ ಬಣ್ಣಗಳೆಲ್ಲ ನಮಗೆ ಬಾಯಿಪಾಠ.

ಹೀಗಿರುವಾಗ ಕೈಗೆ ಬ್ರೋಚರ್ ಬಂತು. ಭತ್ತದ ಗದ್ದೆ, ಬೆಳ್ಳಕ್ಕಿ, ‘ನಿಸರ್ಗದ ಮಡಿಲಲ್ಲಿ ನಿಮ್ಮ ಮನೆ’. ನನ್ನ ಹೆಂಡತಿ ಮನಸೋತಳು. (ನಾನೂ ಸೋತೆ, ಸುಳ್ಳೇಕೆ ಹೇಳಲಿ?) ಭಾನುವಾರ ಮಾನ್ವಿ ರಸ್ತೆಗೆ ಹೊರಟೆವು.

ಏಜೆಂಟ್ ಹುರುಪಿನಲ್ಲಿದ್ದ. “ಕಿಟಕಿ ತಗದ್ರ ಸಾಕ್ರಿ ಸರ್, ಬರೇ ಹಸಿರು!”

ನಿಜ, ಸೈಟಿನ ಎದುರೇ ಗದ್ದೆ. ಕಳೆ ಕೀಳುತ್ತಿದ್ದ ಹೆಣ್ಣುಮಗಳು ಬದುವಿಗೆ ಬಂದು ಮಾತಿಗೆ ನಿಂತಳು. ಹೆಸರು ಶಿವಮ್ಮ. ಹೊಲ ಲೀಸಿಗೆ ಮಾಡಿದ್ದಾಳೆ.

“ಸವಳ ಭೂಮಿ ಇತ್ರಿ ಯಕ್ಕಾ, ಏನೂ ಬೆಳೀತಿದ್ದಿಲ್ಲ. ಮೂರು ವರ್ಷ ತಿಪ್ಪಿಗೊಬ್ಬರ ಹೊತ್ತು ಹಾಕೀನಿ. ಈಗ ಕೈಗೆ ಹತ್ತಾಕತ್ತದ.” ಏಜೆಂಟನ ಕಡೆ ಕೈ ತೋರಿಸಿದಳು. “ಐತವಾರ ಗಿರಾಕಿ ಬರ್ತಾರ, ವಾಸನಿ ಬಡೀತದ, ಎಣ್ಣಿ ಹೊಡಿಬ್ಯಾಡ ಅಂತಾನ್ರಿ ಇವ. ಹುಳಕ್ಕ ಐತವಾರ ಸೂಟಿ ಅದ ಏನ್ರಿ?”

ಎಲ್ಲರೂ ನಕ್ಕೆವು. (ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ.)

ಆ ನಗು ಏಜೆಂಟನ ಆಫೀಸಿನ ತಗಡಿನ ಶೆಡ್ಡಿನವರೆಗೆ ಮಾತ್ರ. ಗೋಡೆಯ ಮೇಲಿನ ನಕ್ಷೆಯಲ್ಲಿ ಶಿವಮ್ಮನ ಗದ್ದೆಯ ತುಂಬ ಸೈಟ್ ನಂಬರುಗಳಿದ್ದವು. ಏನಿದು ಎಂದು ಕೇಳಿದೆ.

“ಅದು ಫೇಸ್ ಟೂ ರೀ ಸರ್. ಹೊಲದ ಮಾಲಕರು ಬರ್ಕೊಟ್ಟಾರ. ಈ ಬೆಳಿ ಕೊಯ್ದ ಮ್ಯಾಲ ಕೆಲಸ ಚಾಲೂ. ಆಮ್ಯಾಲ ನಿಮ್ಮ ಸೈಟಿಗೂ ರೇಟ್ ಏರ್ತದ!”

“ಶಿವಮ್ಮಗ ಗೊತ್ತದೇನಪಾ?” ಹೆಂಡತಿ ಕೇಳಿದಳು.

“ಈಗ ಹೇಳಬಾರದ್ರಿ ಮೇಡಂ. ಆಕಿ ಗೊಬ್ಬರ ಹಾಕೋದು ಬಿಟ್ಲಂದ್ರ ಹೊಲ ಹಳದಿ ಆಗ್ತದ. ಹಸಿರಿಲ್ಲಂದ್ರ ಸೈಟ್ ಯಾರ್ ತಗೋತಾರ್ರಿ?”

ಸಿಟ್ಟು ನೆತ್ತಿಗೇರಿತು. ಅವನ ಮೇಲಷ್ಟೇ ಅಲ್ಲ, ನನ್ನ ಮೇಲೂ. ಯಾಕೆಂದರೆ ನಕ್ಷೆ ನೋಡಿದಾಗ ನಾನು ಮೊದಲು ಯೋಚಿಸಿದ್ದು ನಮ್ಮ ಕಿಟಕಿಯ ಬಗ್ಗೆ. ಅಷ್ಟರಲ್ಲಿ ಹೆಂಡತಿ ಬದುವಿನ ಕಡೆ ನಡೆದಾಗಿತ್ತು.

ಸುದ್ದಿ ಕೇಳಿ ಶಿವಮ್ಮ ಕೂಗಾಡಲಿಲ್ಲ. “ಇನ್ನೂ ಎರಡು ವರ್ಷ ಮಾಡ್ಕೋ ಅಂದಿದ್ರಲ್ರಿ ಯಕ್ಕಾ ಮಾಲಕರು...” ಎಂದಳು. ಎಲ್ಲ ಬಾಯಿಮಾತು, ಕಾಗದ ಪತ್ರ ಏನೂ ಇಲ್ಲ. ಮತ್ತೆ ಕೆಸರಿಗಿಳಿದಳು. “ನಿಂತ ಬೆಳಿ ಹ್ಯಾಂಗ ಬಿಡಾಕ ಬರ್ತದ?”

ಸೈಟು ಬೇಡವೆಂದು ಹೇಳಿ ಬಂದೆವು. (ಅದರಿಂದ ಅವಳಿಗೆ ಏನೂ ಉಪಯೋಗವಿಲ್ಲ, ಗೊತ್ತು.)

ಆಕೆ ಬೆಳೆದಿದ್ದನ್ನು ನಿಸರ್ಗ ಎಂದು ಮಾರುವವರಿಗೆ, ಆಕೆಗೊಂದು ಮಾತು ಹೇಳಲು ಬಾಯಿ ಬರಲಿಲ್ಲವೇ?