ಕರಗಿದ ಐಸು

ಎಂಬತ್ತರ ದಶಕದಲ್ಲಿ ನಾನು ತೀರ್ಥಹಳ್ಳಿಯಲ್ಲಿ ನರ್ಸಾಗಿದ್ದೆ. ತಿಂಗಳಿಗೊಮ್ಮೆ ಪೋಲಿಯೊ ಹನಿ, ಚುಚ್ಚುಮದ್ದುಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಮೇಗರವಳ್ಳಿಯ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಶಾಲೆಯ ಜಗಲಿಯಲ್ಲಿ ಸ್ಟವ್ ಹಚ್ಚಿ ಸೂಜಿ ಕುದಿಸಬೇಕು. ಒಂದು ಕಡೆ ನೀರಿನಿಂದ ಆವಿ ಏಳಲಿ ಎಂದು ಕಾಯುವುದು, ಇನ್ನೊಂದು ಕಡೆ ಐಸು ನೀರಾದೀತೆಂದು ಹೆದರುವುದು. ಇಷ್ಟರಲ್ಲೇ ಸೊಂಟ ಬಿದ್ದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಐಸು ಪೂರ್ತಿ ಕರಗಿದ ಮೇಲೆ ಒಬ್ಬಳು ಕೂಸನ್ನೆತ್ತಿಕೊಂಡು ಕಾಡುದಾರಿ ನಡೆದು ಬಂದಳು. ಐಸಿಲ್ಲದ ಮೇಲೆ ಹನಿ ಹಾಕುವಂತಿಲ್ಲ, ಔಷಧಿ ಚೆಲ್ಲಬೇಕೆಂದು ನಿಯಮ, ಮುಂದಿನ ತಿಂಗಳು ಬಾ ಎಂದೆ. ಅವಳು ಫ್ಲಾಸ್ಕಿನ ನೀರಿಗೆ ಬೆರಳದ್ದಿ ನೋಡಿದಳು.

"ಇನ್ನೂ ತಣ್ಣಗೇ ಇದ್ಯಲ್ಲ, ನರ್ಸಮ್ಮ."

ನಿಯಮ ಮಾಡಿದವರು ಆ ದಾರಿ ನಡೆದವರಲ್ಲ. ಕೂಸಿಗೆ ಹನಿ ಹಾಕಿಸದೆಯೇ ಅವಳು ಹೋದ ಮೇಲೆ ಔಷಧಿ ಚೆಲ್ಲಿ, ಆ ನೀರಿನಲ್ಲಿ ಮುಖ ತೊಳೆದುಕೊಂಡೆ. ತಣ್ಣಗೇ ಇತ್ತು.