ಓಮಾ ಎಂಬ ಬಾಲ

ಹೈದರಾಬಾದಿನಲ್ಲಿ ಕಂಪ್ಯೂಟರಿನ ಸುಗ್ಗಿ ಜೋರಾಗಿದ್ದ ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಸಾಫ್ಟ್‌ವೇರ್ ಅಲ್ಲ, ಅದರ ಬಡ ದಾಯಾದಿ: ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಮೆರಿಕದ ಡಾಕ್ಟರರು ತಮ್ಮ ರೋಗಿಗಳ ಬಗ್ಗೆ ಯಂತ್ರದ ಮುಂದೆ ಗೊಣಗಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡುವ ಕೆಲಸ. ಬೆಳಿಗ್ಗೆ ಮೆಹದಿಪಟ್ಟಣಂನಲ್ಲಿ ಬಸ್ಸು ಹಿಡಿದು ಹೋದರೆ ಸಂಜೆ ಮನೆ ಸೇರುವ ಹೊತ್ತಿಗೆ ಕಿವಿ ಗುಂಯ್‌ಗುಡುತ್ತಿತ್ತು. ಸಾಫ್ಟ್‌ವೇರಿನಲ್ಲಿ ಇದ್ದೀಯಂತೆ ಎಂದವರಿಗೆ ಹೂಂ ಅಂದುಬಿಡುತ್ತಿದ್ದೆ. ಬಿಡಿಸಿ ಹೇಳುವ ಉತ್ಸಾಹ ಇರಲಿಲ್ಲ.

ತರಬೇತಿಯಲ್ಲಿ ನಮಗೆ ರೋಗ ಕಲಿಸಲಿಲ್ಲ, ಬಾಲ ಕಲಿಸಿದರು. ಪದದ ತಲೆ ಸರಿಯಾಗಿ ಕೇಳಿಸದಿದ್ದರೂ ಬಾಲ ಹಿಡಿದರೆ ಪದ ಸಿಕ್ಕೀತು ಎಂಬ ಲೆಕ್ಕಾಚಾರ. ಕೊನೆಗೆ ಐಟಿಸ್ ಬಂದರೆ ಉರಿಯೂತ, ಓಮಾ ಬಂದರೆ ಬಹುಪಾಲು ಗಡ್ಡೆ. ಮನೆಗೆ ಬಂದು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದೆ: ಲಿಪೋಮಾ, ಫೈಬ್ರೋಮಾ, ಮೆಲನೋಮಾ, ಲಿಂಫೋಮಾ, ಕಾರ್ಸಿನೋಮಾ. ಅವ್ವ ಎದುರಿಗೆ ಕೂತು, ಬೇಗಂ ಬಜಾರಿನಿಂದ ತಂದ ಹುಣಸೆಹಣ್ಣಿನ ಬೀಜ ತೆಗೆಯುತ್ತ ಒಂದೊಂದಕ್ಕೂ ಅರ್ಥ ಕೇಳುವಳು. ಲಿಪೋಮಾ ಬರೀ ಕೊಬ್ಬಿನ ಗಂಟು, ಏನೂ ಮಾಡುವುದಿಲ್ಲ ಎಂದರೆ, ಪಾಪ, ಸಂಭಾವಿತ ಗಂಟು ಎನ್ನುವಳು. ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನಣ್ಣ ಡಿಪ್ಲೊಮಾ ಓದಿದವನು. ಅದಕ್ಕೂ ಅದೇ ಬಾಲ ಇದೆಯೆಂದು ತಿಳಿದ ಮೇಲಂತೂ ಅವನಿಗೆ ಉಳಿಗಾಲವಿರಲಿಲ್ಲ. ಮೂವರೂ ನಗುತ್ತಿದ್ದೆವು.

ಆಫೀಸಿನಲ್ಲಿ ಇನ್ನೊಂದು ಕಟ್ಟಪ್ಪಣೆ ಇತ್ತು. ತಿಳಿಯದ ಪದವನ್ನು ಊಹಿಸಿ ಬರೆಯಬಾರದು, ಖಾಲಿ ಗೆರೆ ಬಿಟ್ಟು ಮುಂದೆ ಹೋಗಬೇಕು. ಮೊದಮೊದಲು ಕೆಟ್ಟ ಓಮಾ, ಅಂದರೆ ಕ್ಯಾನ್ಸರ್, ಬಂದಾಗ ಟೈಪು ಮಾಡುವುದನ್ನೇ ನಿಲ್ಲಿಸಿಬಿಡುತ್ತಿದ್ದೆ. ಆ ರೋಗಿಗೆ ಮಕ್ಕಳಿದ್ದಾರೋ ಏನೋ ಅನ್ನಿಸುತ್ತಿತ್ತು. ಬರಬರುತ್ತ ಡಬ್ಬಿಯಲ್ಲಿ ಏನು ಪಲ್ಯ ಇದ್ದೀತು ಎಂದು ಯೋಚಿಸುತ್ತಲೇ ಯಾರದೋ ಸಾವನ್ನು ಟೈಪು ಮಾಡಿ ಮುಗಿಸುತ್ತಿದ್ದೆ. ದಿನಾ ಸಾಯುವವರಿಗೆ ಅಳುವವರ್ಯಾರು?

ಆಮೇಲೆ ಅವ್ವನಿಗೆ ಅನ್ನ ಸೇರದಾಯಿತು. ಕುಪ್ಪಸ ಸಡಿಲವಾಗತೊಡಗಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವ್ವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಕಾರ್ಸಿನೋಮಾ. ಹೆಡ್‌ಫೋನ್ ಇಲ್ಲದೆ, ಎದುರಿಗೆ ಕೂತ ಮನುಷ್ಯನ ಬಾಯಿಂದ ನಾನು ಆ ಪದ ಕೇಳಿದ್ದು ಅದೇ ಮೊದಲು. ಹೊಟ್ಟೆಯೊಳಗಿನದು, ಆಗಲೇ ಹರಡಿದೆ ಎಂದರು. ಅಣ್ಣನಿಗೆ ಇನ್ನೊಮ್ಮೆ ಹೇಳಿಸಿಕೊಳ್ಳಬೇಕಾಯಿತು. ನನಗೆ ಬೇಕಾಗಲಿಲ್ಲ.

ಮೆಟ್ಟಿಲ ಬಳಿ ಅಣ್ಣ ನನ್ನ ಕೈ ಹಿಡಿದುಕೊಂಡ. ಅವ್ವನಿಗೆ ಗೊತ್ತಾಗಬಾರದು, ಹೊಟ್ಟೆಯ ಹುಣ್ಣು ಎಂದು ಹೇಳೋಣ, ಗೊತ್ತಾದರೆ ಅಲ್ಲೇ ಕುಸಿದು ಹೋಗುತ್ತಾಳೆ ಎಂದ. ಕಣ್ಣಲ್ಲಿ ನೀರಿತ್ತು. ನಮ್ಮ ಮಂದಿಯಲ್ಲಿ ಇದೇ ಪದ್ಧತಿ. ರೋಗದ ಹೆಸರು ಬೀಗರಿಗೆ, ನೆರೆಯವರಿಗೆ, ಹಾಲಿನವನಿಗೂ ಗೊತ್ತಿರುತ್ತದೆ, ರೋಗಿಯೊಬ್ಬರನ್ನು ಬಿಟ್ಟು. ನನಗೆ ಇದು ಸರಿ ಕಾಣಲಿಲ್ಲ, ಆದರೆ ವಾದ ಮಾಡುವ ತ್ರಾಣವೂ ಇರಲಿಲ್ಲ. ಖಾಲಿ ಗೆರೆ ಬಿಟ್ಟು ಮುಂದೆ ಹೋಗಿ ರೂಢಿಯಾಗಿತ್ತಲ್ಲ, ಒಪ್ಪಿಕೊಂಡೆ.

ನಾಟಕ ಶುರುವಾಯಿತು. ಬಂದ ನೆಂಟರೆಲ್ಲ ಬಾಗಿಲಲ್ಲಿ ಕಣ್ಣೊರೆಸಿಕೊಂಡು ಒಳಗೆ ಬಂದು, ಖಾರ ಕಡಿಮೆ ಮಾಡು ಅಕ್ಕ, ಮಜ್ಜಿಗೆ ಕುಡಿ ಅನ್ನುತ್ತಿದ್ದರು. ಅವ್ವ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಆಫೀಸಿನಲ್ಲಿ ಇಡೀ ದಿನ ಸತ್ಯ ಟೈಪು ಮಾಡಿ, ಮನೆಗೆ ಬಂದು ಸುಳ್ಳು ಹೇಳಿ ನಾನು ಹಣ್ಣಾಗಿಹೋದೆ.

ಒಂದು ಭಾನುವಾರ ಮಧ್ಯಾಹ್ನ ಅಣ್ಣ ಔಷಧ ತರಲು ಹೋಗಿದ್ದ. ನಾನು ಅವ್ವನ ತಲೆ ಬಾಚುತ್ತಿದ್ದೆ. ಅವಳು ತಿರುಗಿ ನೋಡದೆಯೇ ಕೇಳಿದಳು.

“ಓಮಾ ಐತೇನು ಅದರಾಗ?”

ಹುಣ್ಣು ಅವ್ವ, ಅಂದೆ. ನನ್ನ ದನಿ ನನಗೇ ನಂಬಿಕೆ ಬರುವಂತಿರಲಿಲ್ಲ.

“ಎಲ್ಲೋ ಇರೋ ಮಂದೀದು ದಿನಾ ಬರದು ಕೊಡ್ತಿ. ನಂದೊಂದು ನನಗ ಹೇಳಾಕ ಆಗೂದಿಲ್ಲೇನು?”

ಅಳು ಒತ್ತರಿಸಿ ಬಂತು. ಇದೆ ಅಂದೆ. ಯಾವುದು ಎಂದು ಕೇಳಿದಳು, ಅದನ್ನೂ ಹೇಳಿದೆ. ನನಗೆ ಭಯವಾಯಿತು, ಆದರೆ ಎದೆಯ ಮೇಲಿನ ಕಲ್ಲು ಇಳಿಸಿದಂತೆಯೂ ಆಯಿತು. ಇನ್ನಾದರೂ ಸುಳ್ಳು ಹೇಳುವುದು ತಪ್ಪಿತು ಅಂದುಕೊಂಡೆ. ಅವ್ವ ನಿಧಾನಕ್ಕೆ ನನ್ನ ಕಡೆ ತಿರುಗಿ ಕೂತಳು.

“ನನಗ ಗೊತ್ತೈತಿ ಅಂತ ನಿಮ್ಮಣ್ಣಗ ಹೇಳಬ್ಯಾಡ. ಅಂವ ತಡಕೊಳ್ಳಾಂಗಿಲ್ಲ.”

ಅಷ್ಟರಲ್ಲಿ ಅಣ್ಣ ಬಂದ. ಹುಣ್ಣಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಬೇಗ ಮಾಯುತ್ತದಂತೆ ಎಂದು ಹೇಳುತ್ತ ಚೀಲ ಬಿಚ್ಚಿದ. ಹೌದೇನಪ್ಪ, ಭಾಳ ಚಲೋ ಆತು ಎಂದು ಅವ್ವ ಕೈ ಚಾಚಿದಳು. ನಾನು ನೀರು ತರಲು ಎದ್ದೆ.