ಇಲ್ಮೊ ಸೈಲೆನ್ಸರ್ ಕೊಂಡದ್ದು

ನಮ್ಮ ಹೌಕಿವಾರದ ಬೇಟೆ ತಂಡದಲ್ಲಿ ಮಾಂಸ ಹಂಚುವ ದಿನ ಗೋಡೆಗೆ ಮುಖ ಮಾಡಿ ನಿಲ್ಲುವವನು ಇಲ್ಮೊ ಹಕ್ಕರೈನೆನ್. ಫಿನ್ಲೆಂಡಿನ ಈ ಪೂರ್ವದ ಕಾಡುಗಳಲ್ಲಿ ಹಂಚಿಕೆ ನಡೆಯುವುದೇ ಹಾಗೆ. ಹೊಡೆದ ಮೂಸ್ ಕಡವೆಯನ್ನು ಕೊಯ್ದು, ಮಾಂಸವನ್ನು ಉದ್ದನೆಯ ಮೇಜಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಇಡುತ್ತಾರೆ. ಒಬ್ಬ ಮೇಜಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆಗೆ ಬೆರಳು ಮಾಡಿ "ಇದು ಯಾರಿಗೆ?" ಎನ್ನುತ್ತಾನೆ. ಬೆನ್ನು ಹಾಕಿದವನು ಬಾಯಿಗೆ ಬಂದ ಒಂದು ಹೆಸರು ಕೂಗುತ್ತಾನೆ. ಆ ಗುಡ್ಡೆ ಆ ಹೆಸರಿನವರದು. ತೊಡೆಯ ತುಂಡು ಬಂತೋ, ಬರೀ ಮೂಳೆ ಬಂತೋ, ಆಮೇಲೆ ಗೊಣಗುವಂತಿಲ್ಲ.

ಇದೇನು ಸಣ್ಣ ಮರ್ಯಾದೆಯಲ್ಲ. ಕದ್ದು ಹಿಂದೆ ನೋಡುವವನಲ್ಲ ಎಂದು ಎಲ್ಲರೂ ಒಪ್ಪಿದವನಿಗೆ ಮಾತ್ರ ಆ ಜಾಗ. ಇಲ್ಮೊಗೆ ಅದು ತೀರಿಹೋದ ಅಪ್ಪನಿಂದ ಬಂದಿತ್ತು. ಕೇಳುವ ಕೆಲಸ ತಂಡದ ಯಜಮಾನ ಟೆನ್ಹೊ ಪಿರಿನೆನ್ನನದು. ಪಿರಿನೆನ್ನನಿಗೆ ಕೆಲವು ವರ್ಷಗಳಿಂದ ಒಂದು ಖಯಾಲಿ ಅಂಟಿಕೊಂಡಿತ್ತು. ಕೇಳುವ ಮುಂಚೆ ಬೂಟುಗಾಲನ್ನು ಹಲಗೆ ನೆಲಕ್ಕೆ ಧಪ್ಪೆಂದು ಕುಟ್ಟುತ್ತಿದ್ದ. "ವಯಸ್ಸಾಗ್ತಾ ಪಿರಿನೆನ್ಗೆ ನಾಟಕದ ಹುಚ್ಚು ಹಿಡಿದಿದೆ ಕಣೆ" ಎಂದು ಇಲ್ಮೊ ಹೆಂಡತಿ ಹೆಲ್ವಿಯ ಹತ್ತಿರ ನಗುತ್ತಿದ್ದ. ಹೆಲ್ವಿ ನಗುತ್ತಿರಲಿಲ್ಲ.

ಚಳಿಗಾಲದುದ್ದಕ್ಕೂ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸಿ ಬದುಕಿದವನು ಇಲ್ಮೊ. ಮಾತು ಕಮ್ಮಿ, ಜಂಬ ಜಾಸ್ತಿ. ಆ ಜಂಬವೆಲ್ಲ ಅವನ ರೈಫಲ್ಲಿನ ಮೇಲೆ. ಹೆಗಲಿಗೆ ಒದೆಯದಿರಲಿ ಎಂದು ಅದರ ನಳಿಗೆಯ ತುದಿಗೆ ತೂತು ತೂತಿನ ಒಂದು ಉಕ್ಕಿನ ಮೂತಿ ಹಾಕಿಸಿದ್ದ. ಒದೆತವೇನೋ ಕಮ್ಮಿಯಾಯಿತು. ಆದರೆ ಸದ್ದು ಮುಂದಕ್ಕೆ ಹೋಗುವ ಬದಲು ಎರಡೂ ಪಕ್ಕಕ್ಕೆ ಸಿಡಿಯತೊಡಗಿತು. ಅವನು ಹೊಡೆದರೆ ಕೆರೆಯಾಚೆಯ ಮನೆಯ ಕಿಟಕಿ ನಡುಗುತ್ತಿತ್ತು. ತಂಡದ ಉಳಿದವರು ಒಬ್ಬೊಬ್ಬರಾಗಿ ಸೈಲೆನ್ಸರ್ ಹಾಕಿಸಿಕೊಂಡರು. ನೆರೆಹೊರೆಗೆ ತೊಂದರೆ ಕೊಡದಿರುವುದು ಒಳ್ಳೆಯ ನಡತೆ ಎಂಬ ಮಾತು ನಮ್ಮಲ್ಲಿ ಬಂದೂಕಿಗೂ ಸಲ್ಲುತ್ತದೆ. ಇಲ್ಮೊ ಮಾತ್ರ ಒಪ್ಪಲಿಲ್ಲ.

"ಬಂದೂಕಿಗೆ ಬಾಯಿ ಕಟ್ತೀರಲ್ಲೋ, ನಾಚಿಕೆ ಆಗಲ್ವಾ? ನಾಳೆ ನಾಯಿಗೂ ಕಾಲುಚೀಲ ಹಾಕಿ ಕರ್ಕೊಂಬನ್ನಿ."

ಪಿರಿನೆನ್ ಬಿಡುವವನಲ್ಲ. "ನೀನು ಹೊಡೆದಾಗ ಕಡವೆ ಗುಂಡಿಗೆ ಸಾಯುತ್ತೋ, ಸದ್ದಿಗೆ ಎದೆ ಒಡ್ಕೊಂಡು ಸಾಯುತ್ತೋ, ಅದನ್ನ ಹೇಳು ಮೊದ್ಲು."

ಎಲ್ಲರೂ ನಗುತ್ತಿದ್ದರು. ಇಲ್ಮೊ ಅವರ ಮುಖ ನೋಡಿಕೊಂಡು, ಕೊಂಚ ತಡವಾಗಿ ತಾನೂ ನಗುತ್ತಿದ್ದ.

ಅವನ ನಾಯಿಯ ಹೆಸರು ನುಪ್ಪು. ಬೂದುಬಣ್ಣದ, ಸುರುಳಿ ಬಾಲದ ಹೆಣ್ಣುನಾಯಿ. ಕಾಡಿನಲ್ಲಿ ಕಡವೆಯನ್ನು ಹುಡುಕಿ, ಅದರ ಮುಂದೆ ನಿಂತು ಬೊಗಳಿ ಬೊಗಳಿ, ಅಷ್ಟು ದೊಡ್ಡ ಪ್ರಾಣಿಯನ್ನು ಕಟ್ಟಿಹಾಕಿದಂತೆ ನಿಲ್ಲಿಸುವುದು ಅವಳ ಕೆಲಸ. ಆ ಬೊಗಳಿನ ಮರೆಯಲ್ಲಿ ಇಲ್ಮೊ ಹೆಜ್ಜೆ ಕದ್ದು ಹತ್ತಿರ ಹೋಗುತ್ತಿದ್ದ. ನುಪ್ಪು ಎಲ್ಲಿದ್ದಾಳೆ, ಬೊಗಳುತ್ತಿದ್ದಾಳೋ ಇಲ್ಲವೋ ಎಂಬುದನ್ನೆಲ್ಲ ಅವಳ ಕೊರಳಪಟ್ಟಿಯ ಯಂತ್ರವೇ ಅವನ ಫೋನಿನ ಮೇಲೆ ತೋರಿಸುತ್ತಿತ್ತು. ಹಾಗಾಗಿ ಅವನು ಕಿವಿಯನ್ನು ನೆಚ್ಚಬೇಕಾದ ಗೋಜೇ ಇರಲಿಲ್ಲ. ಎಷ್ಟೋ ಸಲ ಮೊದಲ ಗುಂಡಿಗೆ ಕಡವೆ ಬೀಳದೆ, ನುಪ್ಪು ಅವನ ಪಕ್ಕದಲ್ಲೇ ಇರುವಾಗ ಎರಡನೇ ಗುಂಡು ಹಾರುತ್ತಿತ್ತು.

ಆ ಅಕ್ಟೋಬರಿನಲ್ಲಿ ಜೌಗಿನ ಅಂಚಿಗೆ ಒಂದು ಹೆಣ್ಣುಕಡವೆ ಬಿತ್ತು. ಅದರ ಮರಿ ಹೆದರಿ ಹೆದ್ದಾರಿಯ ಕಡೆ ಓಡಿತು. ನುಪ್ಪು ಅದರ ಬೆನ್ನು ಹತ್ತಿದಳು. ಇಲ್ಮೊ ಕೂಗಿದ. ಸಿಳ್ಳೆ ಹಾಕಿದ. ಅವಳು ಬಯಲಿನಾಚೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇದ್ದಳು, ತಿರುಗಿ ಕೂಡ ನೋಡಲಿಲ್ಲ. ಮರದ ದಿಮ್ಮಿ ತುಂಬಿದ ಲಾರಿಯೊಂದು ಹಾರನ್ ಒತ್ತುತ್ತಾ ಬಂತು. ಅವಳು ಅದಕ್ಕೂ ರಸ್ತೆಯಿಂದ ಕದಲಲಿಲ್ಲ. ಲಾರಿ ಹೇಗೋ ಅವಳಿಗೆ ತಾಗದಂತೆ ಪಕ್ಕಕ್ಕೆ ಸರಿದು ಹೋಯಿತು. ಅಷ್ಟರಲ್ಲಿ ತಂಡದವರೆಲ್ಲ ಅಲ್ಲಿಗೆ ಬಂದು ಸೇರಿದ್ದರು.

ಹೆದರಿಕೆಯೂ ಅವಮಾನವೂ ಒಟ್ಟಿಗೆ ನೆತ್ತಿಗೇರಿದರೆ ಮನುಷ್ಯ ಏನು ಮಾಡುತ್ತಾನೋ ಇಲ್ಮೊ ಅದನ್ನೇ ಮಾಡಿದ. ಹೋಗಿ ನುಪ್ಪುವಿನ ಕೊರಳು ಹಿಡಿದು, ಚರ್ಮದ ಹಗ್ಗದಿಂದ ಬಾರಿಸಿದ. ಒಂದಲ್ಲ, ಎರಡಲ್ಲ. ಅವಳು ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಳು. ನಮ್ಮ ತಂಡದಲ್ಲಿ ನಾಯಿಗೆ ಕೈ ಎತ್ತಿದವರು ಅದುವರೆಗೆ ಇರಲಿಲ್ಲ. ಎಲ್ಲರೂ ಅವನ ಕೈಯ ಹಗ್ಗವನ್ನೇ ನೋಡಿದರು. ಆ ನೋಟ ಅವನನ್ನು ಇನ್ನಷ್ಟು ಕೆರಳಿಸಿತು.

"ಕರೆದ್ರೆ ಬರದ ನಾಯಿ ನನಗೆ ಬೇಡ. ಇದೇ ಇವಳ ಕೊನೇ ಬೇಟೆ. ಹಂಚಿಕೆ ಮುಗೀಲಿ, ನಾನೇ ಕಾಡಿಗೆ ಕರ್ಕೊಂಡ್ಹೋಗಿ ಮುಗಿಸ್ತೀನಿ."

ಪಿರಿನೆನ್ ನೆಲ ನೋಡುತ್ತಾ ಏನೋ ಅಂದ. ಇಲ್ಮೊ "ಹೂಂ, ಹೂಂ" ಎಂದು ನುಪ್ಪುವನ್ನು ಎಳೆದುಕೊಂಡು ಹೊರಟ. ಎಲ್ಲರೆದುರು ಆಡಿದ ಮಾತು ನಮ್ಮಲ್ಲಿ ಆಡಿದ ಮಾತೇ. ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಎಲ್ಲರೆದುರೇ ತೆಗೆದುಕೊಳ್ಳಬೇಕು.

ಗುಟ್ಟು ಬಯಲಾದದ್ದು ಹೆಲ್ವಿಯಿಂದ. ಸಾಸೇಜಿನ ಕಾಗದ ಬಿಚ್ಚಿದರೂ ನುಪ್ಪು ಮಲಗಿದಲ್ಲಿಂದ ಏಳಲಿಲ್ಲ. ಹೆಲ್ವಿಗೆ ಅನುಮಾನ ಬಂತು. ಅಡುಗೆಮನೆಯ ಕಬ್ಬಿಣದ ಬಾಣಲೆಯನ್ನೂ ಅದರ ಮುಚ್ಚಳವನ್ನೂ ತಂದು, ನಾಯಿಯ ಬೆನ್ನ ಹಿಂದೆ ನಿಂತು, ಒಂದಕ್ಕೊಂದು ಠಣ್ಣೆಂದು ಬಡಿದಳು. ನುಪ್ಪು ಕಣ್ಣು ಕೂಡ ಬಿಡಲಿಲ್ಲ. ಹೆಲ್ವಿ ಬಾಣಲೆ ಹಿಡಿದುಕೊಂಡೇ ಸುತ್ತು ಬಂದು, ಪೇಪರ್ ಓದುತ್ತಿದ್ದ ಗಂಡನ ಎದುರು ನಿಂತಳು.

"ಇಲ್ಮೊ, ನುಪ್ಪುಗೆ ಕಿವಿ ಕೇಳಿಸ್ತಿಲ್ಲ."

"ಯಾರಂದ್ರು?"

"ಈಗ ತಾನೇ ಇದನ್ನ ಬಡಿದೆ. ಅವಳು ತಿರುಗ್ಲಿಲ್ಲ." ಹೆಲ್ವಿ ಬಾಣಲೆಯನ್ನು ಅವನತ್ತ ಚಾಚಿದಳು. "ನೀನೂ ತಿರುಗ್ಲಿಲ್ಲ."

ಇಲ್ಮೊನ ಕೈಯಲ್ಲಿದ್ದ ಪೇಪರ್ ತಾನಾಗಿ ಮಡಿಸಿಕೊಂಡಿತು. ಬಾಣಲೆ ಅವಳ ಕೈಯಲ್ಲೇ ಇತ್ತು, ಸುಳ್ಳು ಹೇಳುವಂತಿರಲಿಲ್ಲ. ತನಗೆ ಕೇಳಿಸುವುದು ಕಮ್ಮಿಯಾಗಿದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಯಾರಿಗೂ ಗೊತ್ತಾಗದಂತೆ ಸಂಭಾಳಿಸುತ್ತಿದ್ದೇನೆ ಎಂದುಕೊಂಡಿದ್ದ, ಅಷ್ಟೇ. ಆದರೆ ನುಪ್ಪು? ಆ ಹೊಡೆತಗಳೆಲ್ಲ ಅವನಿಗೆ ನೆನಪಾದವು.

ಹೆಲ್ವಿ ಮರುದಿನವೇ ನಾಯಿಯನ್ನು ಪಶುವೈದ್ಯರಿಗೆ ತೋರಿಸಿಕೊಂಡು ಬಂದಳು. "ಒಂದು ಕಿವಿ ಪೂರ್ತಿ ಹೋಗಿದೆಯಂತೆ. ಇನ್ನೊಂದ್ರಲ್ಲಿ ಚೂರು ಉಳಿದಿದೆ. ನಿನ್ನ ಬಂದೂಕು ಹೀಗೇ ಗರ್ಜಿಸ್ತಿದ್ರೆ ಅದೂ ಹೋಗುತ್ತಂತೆ. ಈಗ ಹೋಗಿ ಸೈಲೆನ್ಸರ್ ತಗೊಂಬಾ. ಆಮೇಲೆ ತಂಡದವರಿಗೆ ಹೇಳು, ತಪ್ಪು ನಾಯಿದಲ್ಲ ಅಂತ."

"ಸೈಲೆನ್ಸರ್ ತರ್ತೀನಿ" ಎಂದ ಇಲ್ಮೊ. ಎರಡನೆಯದು ಕೇಳಿಸಲೇ ಇಲ್ಲವೆಂಬಂತೆ ಟೋಪಿ ಹಾಕಿಕೊಂಡು ಹೊರಟ.

ಪೇಟೆಯ ಬೇಟೆ ಸಾಮಾನಿನ ಅಂಗಡಿಯಲ್ಲಿ ಟೈನಾ ಎಂಬ ಹೆಂಗಸು ಕೂರುತ್ತಾಳೆ. ಬಂದೂಕಿನ ವಿಷಯದಲ್ಲಿ ಎತ್ತಿದ ಕೈ, ಮಾತು ಮಾತ್ರ ಮೆಲು. ಇಲ್ಮೊ ಪರವಾನಗಿಯ ಕಾರ್ಡುಗಳನ್ನು ಅವಳ ಮುಂದಿಟ್ಟ. ಒಂದು ರೈಫಲ್ಲಿನದು. ಇನ್ನೊಂದು ಬೋನಿಗೆ ಬಿದ್ದ ನರಿ, ಮುಂಗುಸಿಯಂಥ ಮಿಂಕುಗಳನ್ನು ಮುಗಿಸಲು ಇಟ್ಟುಕೊಂಡ ಪುಟ್ಟ ಪಿಸ್ತೂಲಿನದು.

"ನೆರೆಯವರದ್ದು ಒಂದೇ ಗಲಾಟೆ" ಎಂದು ಸುಳ್ಳು ಹೇಳಿದ. "ಒಂದು ಸೈಲೆನ್ಸರ್ ಬೇಕು."

ಟೈನಾ ಕಪಾಟಿನ ಕಡೆ ತಿರುಗಿ, ಅಲ್ಲಿಂದಲೇ ಏನೇನೋ ಕೇಳಿದಳು. ಅವಳ ಬೆನ್ನು ಇಲ್ಮೊಗೆ ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಅವರೆದುರು "ಆಂ? ಏನು?" ಅನ್ನುವುದುಂಟೇ! ಇಲ್ಮೊ ಪ್ರತಿಯೊಂದಕ್ಕೂ "ಹೂಂ, ಹೌದು, ಅದೇ" ಎನ್ನುತ್ತಾ ಹೋದ. ಅವಳು ಒಂದು ಡಬ್ಬಿಯನ್ನು ಕಟ್ಟಿ ಕೈಗಿಟ್ಟಳು. ಬಹಳ ಸುಲಭವಾಗಿ ಕೆಲಸ ಮುಗಿಯಿತು ಎಂದುಕೊಂಡು ಇಲ್ಮೊ ಮನೆಗೆ ಬಂದ.

ಡಬ್ಬಿ ಬಿಚ್ಚಿದರೆ ಒಳಗೆ ತುಟಿಗೆ ಹಚ್ಚುವ ಬಣ್ಣದ ಕೊಳವೆಗಿಂತ ತುಸು ದೊಡ್ಡದು ಒಂದು ವಸ್ತು. ರೈಫಲ್ಲಿನ ಉಕ್ಕಿನ ಮೂತಿ ಬಿಚ್ಚಿ, ಇದನ್ನು ತಿರುಪಲು ಹೋದ. ತಿರುಪು ಹೊಂದಲೇ ಇಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಹೆಲ್ವಿ ಓದಿದಳು.

"ಇದು ಪಿಸ್ತೂಲಿಂದು, ಇಲ್ಮೊ."

"ಅವಳು ತಪ್ಪು ಕೊಟ್ಟಿದಾಳೆ."

"ಅವಳು ತಪ್ಪು ಕೊಟ್ಲೋ, ನೀನು ಹೂಂ ಅಂದ್ಯೋ?"

ಇಲ್ಮೊ ಹೊರಗೆ ಹೋಗಿ ಸೌದೆ ಒಡೆದ, ಬೇಕಾದ್ದಕ್ಕಿಂತ ಹೆಚ್ಚೇ ಒಡೆದ. ಅಂಗಳದ ಗೂಡಿನ ಬಾಗಿಲಲ್ಲಿ ಮಲಗಿದ್ದ ನುಪ್ಪು ಅವನ ಕೈಯ ಕೊಡಲಿ ಮೇಲೇಳುವುದನ್ನು ಕಂಡು ಒಳಗೆ ಸರಿದಳು. ಕರೆದರೆ ಕೇಳದ ಪ್ರಾಣಿ, ಎತ್ತಿದ ಕೈಯನ್ನು ಮಾತ್ರ ಮರೆತಿರಲಿಲ್ಲ. ಇಲ್ಮೊ ಕೊಡಲಿಯನ್ನು ಮೆಲ್ಲಗೆ ಕೆಳಗಿಟ್ಟ.

ಮರುದಿನ ಮತ್ತೆ ಅಂಗಡಿಗೆ ಹೋದ. ಈ ಸಲವೂ ಗಿರಾಕಿಗಳಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟೈನಾಳ ಕಣ್ಣು ನೋಡದೆ ಹೇಳಿದ: "ನಿನ್ನೆ ನೀವು ಕೇಳಿದ್ದು ಒಂದೂ ನನಗೆ ಕೇಳಿಸ್ಲಿಲ್ಲ. ಸುಮ್ನೆ ಹೂಂ ಅಂದೆ. ನನಗೆ ಕಿವಿ ಮಂದ."

ಹೇಳಿದ ಮೇಲೆ ಕಿವಿಯ ತುದಿಯವರೆಗೂ ಕೆಂಪಾದ. ಟೈನಾ ಒಂದಿಷ್ಟೂ ನಗಲಿಲ್ಲ. ಮೇಜಿನ ಈಚೆಗೆ ಬಂದು, ಎದುರೆದುರೇ ನಿಂತು, ಬಿಡಿಸಿ ಬಿಡಿಸಿ ಮಾತಾಡಿದಳು.

"ಪಿಸ್ತೂಲಿಗೋ ರೈಫಲ್ಲಿಗೋ ಅಂತ ಕೇಳಿದ್ದೆ. ನೀವು 'ಅದೇ' ಅಂದ್ರಿ. ಪಿಸ್ತೂಲಿನ ಕಾರ್ಡ್ ಮೇಲಿತ್ತು, ಅದಕ್ಕೇ ಇರಬೇಕು ಅಂದ್ಕೊಂಡೆ. ಇದನ್ನ ವಾಪಸ್ ತಗೋತೀನಿ, ಬಿಡಿ. ಈಗ ಹೇಳಿ, ದಿನವಿಡೀ ಕಾಡಲ್ಲಿ ನಡೀತೀರೋ, ಒಂದೇ ಕಡೆ ಕೂತು ಹೊಡೀತೀರೋ?"

"ನಡೀತೀನಿ. ನಾಯಿ ಹಿಂದೆ."

"ಹಾಗಿದ್ರೆ ತೀರಾ ಉದ್ದದ್ದು ಬೇಡ, ಪೊದೆಗೆ ಸಿಕ್ಕೊಳ್ಳುತ್ತೆ. ಭಾರದ್ದೂ ಬೇಡ, ಬಂದೂಕಿನ ಮೂತಿ ಕೆಳಗೆ ಜಗ್ಗುತ್ತೆ. ಇದು ನೋಡಿ, ಅರ್ಧ ಭಾಗ ನಳಿಗೆ ಮೇಲೇ ಹಿಂದಕ್ಕೆ ಕೂತ್ಕೊಳ್ಳುತ್ತೆ. ನಿಮ್ಮ ರೈಫಲ್ಲಿಗೆ ಮೂತಿ ಹಾಕಿದ್ದು ನಾವೇ ಅಲ್ವಾ, ಆ ತಿರುಪಿಗೇ ಇದು ಕೂರುತ್ತೆ. ಗುಂಡಿನ ಅಳತೆಗೂ ಸರಿ. ಆದ್ರೆ ಸಿನಿಮಾದಲ್ಲಿ ತೋರಿಸ್ತಾರಲ್ಲ, ಹಾಗೆ ಫುಸ್ ಅನ್ನಲ್ಲ. ಸದ್ದು ಇದ್ದೇ ಇರುತ್ತೆ. ಕಿವಿ ಹರಿಯೋ ಆ ಸಿಡಿತ ಮಾತ್ರ ತಗ್ಗುತ್ತೆ. ನೀವು ಕಿವಿಗೆ ಮುಚ್ಚಳ ಹಾಕ್ಕೊಳ್ಳೋದು ಬಿಡಬೇಡಿ." ಆಮೇಲೆ ಕೇಳಿದಳು, "ಯಾರ ಕಿವಿಗೋಸ್ಕರ? ನಿಮ್ದಾ?"

"ನಾಯಿದು" ಎಂದ ಇಲ್ಮೊ. ನೆರೆಯವರ ಸುಳ್ಳು ಅಲ್ಲಿಗೆ ಮುಗಿಯಿತು.

ಹಂಚಿಕೆಯ ದಿನ, ತಂಡ ಮಾಂಸ ಕೊಯ್ಯುವ ಕೊಟ್ಟಿಗೆಯಲ್ಲಿ ಕಾಫಿಯ ವಾಸನೆ, ಹಸಿ ಮಾಂಸದ ವಾಸನೆ. ಬೆಳಿಗ್ಗೆ ಗುರಿ ನೋಡಲು ಹೋಗಿದ್ದಾಗ ಇಲ್ಮೊನ ಬಂದೂಕಿನ ತುದಿಯ ಕಪ್ಪು ಕೊಳವೆಯನ್ನು ಎಲ್ಲರೂ ಕಂಡಾಗಿತ್ತು.

"ಏನಪ್ಪಾ ಇಲ್ಮೊ, ಬಂದೂಕಿಗೆ ಬಾಯಿ ಕಟ್ಟಿದ್ಯಂತೆ? ಕಾಲುಚೀಲ ಎಲ್ಲಿ?" ಎಂದು ಪಿರಿನೆನ್ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದ. ಎಲ್ಲರೂ ನಕ್ಕರು. ಇಲ್ಮೊ ನಗಲಿಲ್ಲ. ಗುಡ್ಡೆಗಳು ಸಿದ್ಧವಾಗಿದ್ದವು. ರೂಢಿಯಂತೆ ಎಲ್ಲರೂ ಅವನನ್ನೂ ಗೋಡೆಯನ್ನೂ ನೋಡಿದರು.

"ನಾನು ನಿಲ್ಲಲ್ಲ" ಎಂದ ಇಲ್ಮೊ. "ನನಗೆ ಕಿವಿ ಕೇಳಿಸಲ್ಲ. ಪಿರಿನೆನ್ ಕೇಳೋದು ನನಗೆ ಕೇಳಿಸೋದೇ ಇಲ್ಲ. ನುಪ್ಪುಗೂ ಕೇಳಿಸಲ್ಲ. ಅವತ್ತು ಅವಳದ್ದೇನೂ ತಪ್ಪಿರಲಿಲ್ಲ. ನನ್ನ ಬಂದೂಕಿನಿಂದ್ಲೇ ಅವಳ ಕಿವಿ ಹೋಗಿದ್ದು. ಅವಳನ್ನ ನಾನು ಕೊಲ್ಲಲ್ಲ. ಆ ಮಾತು ವಾಪಸ್ ತಗೊಂಡಿದೀನಿ."

ಬಿದ್ದುಬಿದ್ದು ನಗುತ್ತಾರೆ ಎಂದುಕೊಂಡಿದ್ದ. ಇಲ್ಲವೇ, ಇಷ್ಟು ವರ್ಷ ಮೋಸ ಮಾಡಿದೆ ಎನ್ನುತ್ತಾರೆ ಎಂದುಕೊಂಡಿದ್ದ. ಯಾರ ಮುಖದಲ್ಲೂ ಆಶ್ಚರ್ಯವೇ ಇರಲಿಲ್ಲ.

"ಗೊತ್ತು ಮಾರಾಯ" ಎಂದ ಪಿರಿನೆನ್.

"ಏನು ಗೊತ್ತು?"

"ನಿನಗೆ ಕೇಳಿಸಲ್ಲ ಅಂತ. ಎಲ್ರಿಗೂ ಗೊತ್ತು. ಮತ್ತೆ ನಾನು ನೆಲಕ್ಕೆ ಬೂಟು ಯಾಕೆ ಕುಟ್ತಿದ್ದೆ ಅಂದ್ಕೊಂಡೆ? ಹಲಗೆ ಅದುರಿದ್ರೆ ನಿನ್ನ ಕಾಲಿಗೆ ಗೊತ್ತಾಗ್ಲಿ ಅಂತ. ಹೆಲ್ವಿನೇ ಹೇಳಿಕೊಟ್ಟಿದ್ದು. ನಿನಗೆ ಬೇಜಾರಾಗ್ಬಾರ್ದು ಅಂತ ಯಾರೂ ಬಾಯಿ ಬಿಡ್ಲಿಲ್ಲ." ಪಿರಿನೆನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾಯಿ ವಿಷಯಾನೂ ಅವತ್ತೇ ಹೇಳಿದ್ನಲ್ಲ, ಹೊಡೀಬೇಡ, ಅವಳಿಗೆ ಕೇಳಿಸ್ತಿಲ್ಲ ಅಂತ. ನೀನು ಹೂಂ ಹೂಂ ಅಂದೆ."

ಇಲ್ಮೊ ಕೊಟ್ಟಿಗೆಯ ನೆಲವನ್ನೇ ನೋಡಿದ. ಪಿರಿನೆನ್ ನಿಲ್ಲುವ ಜಾಗದಲ್ಲಿ ಹಲಗೆಯ ಬಣ್ಣ ಸವೆದಿತ್ತು. ತನಗೆ ಕೇಳಿಸದಿದ್ದಕ್ಕೆ ಪಿರಿನೆನ್ ನೆಲ ಸವೆಯುವಷ್ಟು ಸಲ ಬೂಟು ಕುಟ್ಟಿದ್ದ, ಉಳಿದವರೆಲ್ಲ ಗುಟ್ಟು ಕಾದಿದ್ದರು. ನುಪ್ಪುವಿಗೆ ಕೇಳಿಸದಿದ್ದಕ್ಕೆ ತಾನು ಹಗ್ಗ ಎತ್ತಿದ್ದ. ಅವರು ಬೈದಿದ್ದರೆ, ಅಣಕಿಸಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈಗ ಎಲ್ಲಿ ಮುಖ ಇಡಬೇಕೋ ಅವನಿಗೆ ತಿಳಿಯಲಿಲ್ಲ.

"ಸಾಕು, ಮಾಂಸ ಒಣಗ್ತಿದೆ. ಹೋಗಿ ಗೋಡೆ ನೋಡು" ಎಂದ ಪಿರಿನೆನ್.

ಇಲ್ಮೊ ಗೋಡೆಗೆ ಮುಖ ಮಾಡಿ ನಿಂತ. ಅಂಗಾಲಿನ ಕೆಳಗೆ ಹಲಗೆ ಅದುರಿತು. ಅವನು ಹೆಸರು ಕೂಗಿದ. ಮತ್ತೆ ಅದುರಿತು, ಮತ್ತೆ ಕೂಗಿದ. ಕಣ್ಣಲ್ಲಿ ನೀರು ಬಂದಿತ್ತು. ಎಲ್ಲರಿಗೂ ಬೆನ್ನು ಹಾಕಿ ನಿಂತದ್ದು ಒಳ್ಳೆಯದೇ ಆಯಿತು.

ಮನೆಗೆ ಬಂದಾಗ ನುಪ್ಪು ಜಗುಲಿಯ ಹಲಗೆಯ ಮೇಲೆ, ಅತ್ತ ಮುಖ ಮಾಡಿ ಮಲಗಿದ್ದಳು. ಇಲ್ಮೊ ಕರೆಯಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಬೂಟುಗಾಲಿನಿಂದ ಹಲಗೆಯನ್ನು ಒಮ್ಮೆ ಕುಟ್ಟಿದ. ನುಪ್ಪು ಥಟ್ಟನೆ ತಲೆ ಎತ್ತಿ ತಿರುಗಿದಳು. ಮೊದಲು ಅವನ ಮುಖ ನೋಡಲಿಲ್ಲ, ಕೈ ನೋಡಿದಳು.

ಇಲ್ಮೊ ಎರಡೂ ಕೈ ಬಿಚ್ಚಿ ತೋರಿಸಿದ. ಆಮೇಲೆ ಮೆಟ್ಟಿಲ ಮೇಲೆ ಕೂತು, ಇನ್ನೊಮ್ಮೆ, ಮೆಲ್ಲಗೆ, ಹಲಗೆ ಕುಟ್ಟಿದ. ಅವಳು ಎದ್ದಳು, ಮೈ ಕೊಡವಿದಳು, ನಾಲ್ಕು ಹೆಜ್ಜೆ ಬಂದಳು. ಅವನ ಕೈಗೆ ಎಟುಕದಷ್ಟು ದೂರ ಬಿಟ್ಟು, ಅಲ್ಲೇ ಕೂತಳು.